ಹಳೆಯ ರೇಷ್ಮೆ ರತ್ನಗಂಬಳಿ: ಮನೆಗೆ ಕೊಳ್ಳುವ ಮುನ್ನ ಪರೀಕ್ಷೆಯ ಪಾಠ

ಅಡಿಕೆ ಮಂಡಿಯಲ್ಲಿ ಕುಳಿತ ವರ್ತಕರಿಗೆ ರಾಶಿ, ಬೆಟ್ಟೆ, ಸರಕು, ಗೊರಬಲುಗಳ ವ್ಯತ್ಯಾಸವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಚೀಲದೊಳಗೆ ಕೈ ಹಾಕಿ ಒಂದು ಹಿಡಿ ಎತ್ತಿ, ಒಂದೆರಡನ್ನು ಒಡೆದು ನೋಡಿದರೆ ಮಾಲಿನ ಯೋಗ್ಯತೆ ಅವರಿಗೆ ತಿಳಿದುಬಿಡುತ್ತದೆ. ಆದರೆ ಅದೇ ವರ್ತಕರು ಹೊಸ ಮನೆಯ ಹಜಾರಕ್ಕೆಂದು ಹಳೆಯ ರೇಷ್ಮೆ ರತ್ನಗಂಬಳಿಯೊಂದನ್ನು ಕೊಳ್ಳಲು ಹೊರಟಾಗ ಪರೀಕ್ಷೆಯ ದಾರಿ ತಿಳಿಯದೆ ಮಾರುವವರ ಮಾತನ್ನೇ ನಂಬಬೇಕಾಗುತ್ತದೆ. ಅಡಿಕೆಗೆ ಒಳ್ಳೆಯ ದರ ದೊರೆತ ವರ್ಷಗಳಲ್ಲಿ ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳಲ್ಲಿ ಹೊಸ ಮನೆಗಳು ಏಳುತ್ತವೆ. ಅವುಗಳ ಅಲಂಕಾರಕ್ಕೆ ಬೆಂಗಳೂರಿನ ಅಂಗಡಿಗಳಿಂದಲೂ, ಪ್ರವಾಸಕ್ಕೆ ಹೋದಾಗ ಶ್ರೀನಗರದಿಂದಲೂ, ಈಗೀಗ ಮೊಬೈಲಿನಲ್ಲಿ ಬಂದ ಚಿತ್ರವನ್ನು ನೋಡಿಯೂ ರತ್ನಗಂಬಳಿಗಳನ್ನು ತರಿಸುವವರಿದ್ದಾರೆ. ಲಕ್ಷಗಟ್ಟಲೆ ಹಣ ಕೈಬದಲಾಗುವ ಈ ಖರೀದಿಯಲ್ಲಿ ಮೋಸಕ್ಕೆ ಅವಕಾಶವೂ ಅಷ್ಟೇ ದೊಡ್ಡದು.

ರತ್ನಗಂಬಳಿಯ ಪರೀಕ್ಷೆ ಅಡಿಕೆಯ ಪರೀಕ್ಷೆಗಿಂತ ಕಷ್ಟದ್ದಲ್ಲ. ಅದಕ್ಕೆ ಬೇಕಾಗುವುದು ಒಂದು ಅಳತೆಪಟ್ಟಿ, ಒಂದು ಬಿಳಿಯ ಬಟ್ಟೆ, ಒಂದು ಬೆಂಕಿಪೆಟ್ಟಿಗೆ ಮತ್ತು ಅರ್ಧ ಗಂಟೆಯ ತಾಳ್ಮೆ. ಮಾರಾಟಗಾರರು ಸಾಮಾನ್ಯವಾಗಿ ಹೇಳುವುದು ಗಂಬಳಿಯ ಕಥೆಯನ್ನು: ಯಾವ ಅರಮನೆಯಿಂದ ಬಂದಿತು, ಎಷ್ಟು ವರ್ಷ ಹಳೆಯದು ಎಂಬುದನ್ನು. ಕೊಳ್ಳುವವರು ನೋಡಬೇಕಾದದ್ದು ಗಂಬಳಿಯ ಬೆನ್ನನ್ನು. ಬೆಲೆ ನಿಲ್ಲುವುದು ಎಳೆ, ಗಂಟು ಮತ್ತು ಸ್ಥಿತಿ ಎಂಬ ಮೂರು ಅಂಶಗಳ ಮೇಲೆ. ವಯಸ್ಸು ನಾಲ್ಕನೆಯದು. ಈ ಕ್ರಮ ತಪ್ಪಿದಾಗಲೇ ನಷ್ಟವಾಗುತ್ತದೆ.

ಜಮಖಾನ ಮತ್ತು ರತ್ನಗಂಬಳಿ

ಮೊದಲು ವಸ್ತುವಿನ ಪರಿಚಯ ಅಗತ್ಯ. ಧಾರವಾಡ ಜಿಲ್ಲೆಯ ನವಲಗುಂದದ ಜಮಖಾನಗಳು ಕನ್ನಡನಾಡಿಗೆ ಹೊಸತಲ್ಲ. ಅವು ಹತ್ತಿಯ ಹಾಸುಹೊಕ್ಕಿನಿಂದಲೇ ವಿನ್ಯಾಸ ಮೂಡುವ ಚಪ್ಪಟೆ ನೇಯ್ಗೆಯವು, ಅವುಗಳಲ್ಲಿ ಗಂಟುಗಳಿಲ್ಲ. ರತ್ನಗಂಬಳಿಯ ರಚನೆ ಬೇರೆ. ಮಗ್ಗದ ಮೇಲೆ ಬಿಗಿದ ಹಾಸಿನ ಎಳೆಗಳ ಜೋಡಿಯೊಂದಕ್ಕೆ ಬಣ್ಣದ ಎಳೆಯನ್ನು ಕೈಯಿಂದ ಸುತ್ತಿ ಕತ್ತರಿಸಲಾಗುತ್ತದೆ. ಹೀಗೆ ಒಂದು ಸಾಲು ಪೂರ್ತಿಯಾದ ಮೇಲೆ ಹೊಕ್ಕಿನ ಎಳೆ ಹಾಯಿಸಿ ಹಣಿಗೆಯಿಂದ ಬಡಿದು ಬಿಗಿಗೊಳಿಸಲಾಗುತ್ತದೆ. ಕತ್ತರಿಸಿದ ತುದಿಗಳು ಮೇಲ್ಮುಖವಾಗಿ ನಿಂತು ಮೃದುವಾದ ಹಾಸನ್ನು ಉಂಟುಮಾಡುತ್ತವೆ. ವ್ಯಾಪಾರದ ಭಾಷೆಯಲ್ಲಿ ಇದನ್ನು ಪೈಲ್ ಎನ್ನುತ್ತಾರೆ.

ಗಂಟುಗಳಲ್ಲಿ ಪರ್ಷಿಯನ್, ತುರ್ಕಿ ಮತ್ತು ಟಿಬೆಟನ್ ಎಂಬ ಮುಖ್ಯ ವಿಧಗಳಿವೆ. ಪರ್ಷಿಯನ್ ಗಂಟಿನಲ್ಲಿ ಎಳೆಯು ಒಂದು ಹಾಸೆಳೆಯನ್ನು ಪೂರ್ತಿ ಸುತ್ತಿ ಪಕ್ಕದ್ದರ ಹಿಂದೆ ಹಾದು ಹೊರಬರುತ್ತದೆ. ಆದ್ದರಿಂದ ಬಹಳ ಒತ್ತಾಗಿ ಕಟ್ಟಲು ಸಾಧ್ಯ. ಕಾಶ್ಮೀರದ ರೇಷ್ಮೆ ಗಂಬಳಿಗಳಲ್ಲಿ ಬಳಕೆಯಾಗುವುದು ಇದೇ. ತುರ್ಕಿ ಗಂಟಿನಲ್ಲಿ ಎಳೆಯು ಎರಡೂ ಹಾಸೆಳೆಗಳನ್ನು ಸಮನಾಗಿ ಸುತ್ತುತ್ತದೆ.

ಮೂರನೆಯದನ್ನು ನೋಡಲು ಸೊರಬದವರು ದೂರ ಹೋಗಬೇಕಾಗಿಲ್ಲ. ಬನವಾಸಿಯನ್ನು ದಾಟಿ ಉತ್ತರಕ್ಕೆ ಹೋದರೆ ಸಿಗುವ ಮುಂಡಗೋಡದ ಬಳಿ 1966ರಲ್ಲಿ ಟಿಬೆಟನ್ ನಿರಾಶ್ರಿತರ ವಸಾಹತು ಸ್ಥಾಪನೆಯಾಯಿತು. ಅವರೊಂದಿಗೆ ಕೈಗಂಟಿನ ಉಣ್ಣೆ ಗಂಬಳಿಯ ಕಸುಬೂ ಈ ಭಾಗಕ್ಕೆ ಬಂದಿತು. ಟಿಬೆಟನ್ ವಿಧಾನದಲ್ಲಿ ಎಳೆಯನ್ನು ಒಂದು ಸರಳಿನ ಮೇಲೆ ಸುರುಳಿಯಾಗಿ ಸುತ್ತುತ್ತಾ ಸಾಗಿ, ಸಾಲು ಮುಗಿದ ಮೇಲೆ ಸುರುಳಿಗಳನ್ನು ಒಮ್ಮೆಗೇ ಕೊಯ್ಯಲಾಗುತ್ತದೆ. ಇವು ಉಣ್ಣೆಯವು, ಗಂಟುಗಳು ದಪ್ಪ. ರೇಷ್ಮೆ ಗಂಬಳಿಗೆ ಇವು ಹೋಲಿಕೆಯಲ್ಲವಾದರೂ ಕೈಗಂಟಿನ ಬೆನ್ನು ಹೇಗಿರುತ್ತದೆ ಎಂಬುದನ್ನು ಕಣ್ಣಿಗೆ ರೂಢಿ ಮಾಡಿಕೊಳ್ಳಲು ಇಂಥ ಒಂದು ಗಂಬಳಿಯನ್ನು ಮಗುಚಿ ನೋಡುವುದು ಉತ್ತಮ ಪಾಠ.

ರೇಷ್ಮೆ ಗಂಬಳಿಗಳ ಪ್ರಸಿದ್ಧ ಮೂಲಗಳು ಇರಾನಿನ ಖುಮ್, ತುರ್ಕಿಯ ಹೆರೆಕೆ ಮತ್ತು ನಮ್ಮ ಕಾಶ್ಮೀರ. ಹದಿನೈದನೆಯ ಶತಮಾನದ ಸುಲ್ತಾನ ಜೈನುಲ್ ಆಬಿದೀನನು ಈ ಕಲೆಯನ್ನು ಕಾಶ್ಮೀರಕ್ಕೆ ತರಿಸಿದನೆಂಬುದು ಪ್ರತೀತಿ. ಅಲ್ಲಿ ವಿನ್ಯಾಸವನ್ನು ತಾಲೀಮ್ ಎಂಬ ಸಂಕೇತ ಲಿಪಿಯಲ್ಲಿ ಬರೆದಿಡುತ್ತಾರೆ. ಯಾವ ಬಣ್ಣದ ಎಷ್ಟು ಗಂಟು ಎಂಬುದನ್ನು ಓದುತ್ತಾ ನೇಕಾರರು ಕಟ್ಟುತ್ತಾ ಹೋಗುತ್ತಾರೆ. ಭಾರತದ ಒಳಗೆ ಮಾರಾಟಕ್ಕೆ ಬರುವ ಹಳೆಯ ರೇಷ್ಮೆ ಗಂಬಳಿಗಳನ್ನು ಇರಾನಿನದೆಂದು ಹೇಳಿದರೂ ಅವು ಪರ್ಷಿಯನ್ ವಿನ್ಯಾಸದ ಕಾಶ್ಮೀರಿ ಗಂಬಳಿಗಳಾಗಿರುವ ಸಾಧ್ಯತೆಯನ್ನು ಮೊದಲು ಪರಿಶೀಲಿಸಬೇಕು. ವಿನ್ಯಾಸದ ಹೆಸರು ಊರಿನ ಹೆಸರಲ್ಲ.

ಮೊದಲ ಪರೀಕ್ಷೆ: ಎಳೆ

ಅಂಗಡಿಯಲ್ಲಿ ಹೊಳೆಯುವುದೆಲ್ಲ ರೇಷ್ಮೆಯಲ್ಲ. ಕೃತಕ ರೇಷ್ಮೆಯೆಂದು ಕರೆಯುವ ವಿಸ್ಕೋಸ್ ಮತ್ತು ರಾಸಾಯನಿಕ ಸಂಸ್ಕರಣೆಯಿಂದ ಹೊಳಪು ಪಡೆದ ಹತ್ತಿ, ಇವೆರಡೂ ರೇಷ್ಮೆಯ ಸೋಗು ಹಾಕಬಲ್ಲವು. ಗಂಬಳಿಯನ್ನು ಒಂದು ತುದಿಯಿಂದ ನೋಡಿದಾಗ ತಿಳಿ, ಮತ್ತೊಂದು ತುದಿಯಿಂದ ನೋಡಿದಾಗ ಗಾಢವಾಗಿ ಕಾಣುವುದನ್ನು ರೇಷ್ಮೆಯ ಗುರುತೆಂದು ಮಾರಾಟಗಾರರು ತೋರಿಸುತ್ತಾರೆ. ವಿಸ್ಕೋಸ್ ಸಹ ಹಾಗೆಯೇ ಕಾಣುವುದರಿಂದ ಇದು ಪುರಾವೆಯಲ್ಲ. ಅಂಗೈಯಿಂದ ಉಜ್ಜಿದಾಗ ಬಿಸಿಯಾಗುತ್ತದೆ, ಉಂಗುರದೊಳಗೆ ತೂರುತ್ತದೆ ಮುಂತಾದ ಪ್ರದರ್ಶನಗಳೂ ಪುರಾವೆಯಲ್ಲ.

ಸೀರೆ ಅಂಗಡಿಯವರಿಗೆ ಗೊತ್ತಿರುವ ಸುಡುವ ಪರೀಕ್ಷೆಯೇ ಇಲ್ಲಿಯೂ ಉಪಯುಕ್ತ. ಮಾರುವವರ ಒಪ್ಪಿಗೆ ಪಡೆದು ಎಳೆಯ ಸಣ್ಣ ತುಣುಕನ್ನು ಕಿತ್ತು, ಗಂಬಳಿಯಿಂದ ದೂರದಲ್ಲಿ ಚಿಮುಟದಲ್ಲಿ ಹಿಡಿದು ಬೆಂಕಿ ತಾಗಿಸಬೇಕು. ನಿಜವಾದ ರೇಷ್ಮೆ ಕೂದಲು ಸುಟ್ಟ ವಾಸನೆ ಕೊಡುತ್ತದೆ, ಜ್ವಾಲೆ ತೆಗೆದರೆ ಹೆಚ್ಚುಕಡಿಮೆ ತಾನೇ ಆರುತ್ತದೆ, ಉಳಿದ ಕರಿ ಬೂದಿ ಬೆರಳಿನಲ್ಲಿ ಪುಡಿಯಾಗುತ್ತದೆ. ವಿಸ್ಕೋಸ್ ಮತ್ತು ಹತ್ತಿ ಕಾಗದ ಸುಟ್ಟ ವಾಸನೆಯೊಂದಿಗೆ ಬೇಗನೆ ಉರಿದು ಹಗುರವಾದ ಬೂದಿಯಾಗುತ್ತವೆ. ನೈಲಾನ್, ಪಾಲಿಯೆಸ್ಟರ್‌ಗಳು ಕರಗಿ ಗಟ್ಟಿ ಮಣಿಯಾಗುತ್ತವೆ. ಉಣ್ಣೆಯೂ ಕೂದಲಿನ ವಾಸನೆಯನ್ನೇ ಕೊಡುತ್ತದೆಂಬುದನ್ನು ಮರೆಯಬಾರದು. ಆದರೆ ಉಣ್ಣೆಗೆ ರೇಷ್ಮೆಯ ನುಣುಪಿಲ್ಲ.

ಇಲ್ಲಿ ಹಲವರು ಎಡವುವುದು ಎಳೆಯನ್ನು ಎಲ್ಲಿಂದ ಕೀಳಬೇಕೆಂಬ ವಿಷಯದಲ್ಲಿ. ಕುಚ್ಚಿನ ಎಳೆ ಹಾಸಿನದು, ಪೈಲಿನದಲ್ಲ. ಹತ್ತಿಯ ಹಾಸಿನ ಮೇಲೆ ರೇಷ್ಮೆಯ ಪೈಲ್ ಇರಬಹುದು. ರೇಷ್ಮೆಯ ಕುಚ್ಚಿನ ಗಂಬಳಿಯಲ್ಲಿ ಪೈಲ್ ಮಿಶ್ರವಾಗಿರಬಹುದು. ಕೆಲವು ಗಂಬಳಿಗಳಲ್ಲಿ ಹೂವಿನ ಅಂಚುಗಳಷ್ಟೇ ರೇಷ್ಮೆಯಾಗಿದ್ದು ಉಳಿದ ನೆಲವೆಲ್ಲ ಉಣ್ಣೆಯಾಗಿರುತ್ತದೆ. ಆದ್ದರಿಂದ ಕುಚ್ಚಿನಿಂದ ಒಂದು, ಪೈಲಿನ ಎರಡು ಬೇರೆ ಬಣ್ಣಗಳಿಂದ ಒಂದೊಂದು, ಹೀಗೆ ಕನಿಷ್ಠ ಮೂರು ಎಳೆಗಳನ್ನು ಪರೀಕ್ಷಿಸಬೇಕು. ಹತ್ತಿಯ ಹಾಸು ದೋಷವಲ್ಲ. ಆದರೆ ಹತ್ತಿಯ ಹಾಸಿಗೆ ರೇಷ್ಮೆ ಹಾಸಿನ ಬೆಲೆ ತೆರುವುದು ದೋಷ.

ದೊಡ್ಡ ಮೊತ್ತದ ಖರೀದಿಯಾದರೆ ಪ್ರಯೋಗಾಲಯದ ಮೊರೆ ಹೋಗುವುದು ಒಳ್ಳೆಯದು. ಈ ವಿಷಯದಲ್ಲಿ ಕನ್ನಡಿಗರಿಗೆ ಅನುಕೂಲವೇ ಇದೆ. ಕೇಂದ್ರ ರೇಷ್ಮೆ ಮಂಡಳಿಯ ಪ್ರಧಾನ ಕಚೇರಿಯೂ, ಕೇಂದ್ರ ರೇಷ್ಮೆ ತಾಂತ್ರಿಕ ಸಂಶೋಧನಾ ಸಂಸ್ಥೆಯೂ ಬೆಂಗಳೂರಿನಲ್ಲಿವೆ. ಮಂಡಳಿಯ ಆಶ್ರಯದಲ್ಲಿ 2004ರಲ್ಲಿ ಆರಂಭವಾದ ಸಿಲ್ಕ್ ಮಾರ್ಕ್ ಚೀಟಿಯು ಶುದ್ಧ ರೇಷ್ಮೆಯ ಗುರುತು. ಅದಕ್ಕೂ ಹಿಂದಿನ ಗಂಬಳಿಯಲ್ಲಿ ಈ ಚೀಟಿ ಇರುವುದಿಲ್ಲ ಎಂಬುದು ಸಹಜ. ನಲವತ್ತು ವರ್ಷ ಹಳೆಯದೆಂದು ಹೇಳುವ ಗಂಬಳಿಗೆ ಇಂಥ ಚೀಟಿ ಅಂಟಿಸಿದ್ದರೆ ಆ ಚೀಟಿ ಯಾವಾಗ, ಯಾರಿಂದ ಬಂತೆಂದು ಕೇಳಬೇಕು.

ಎರಡನೆಯ ಪರೀಕ್ಷೆ: ಗಂಟು

ಗಂಬಳಿಯನ್ನು ಮಗುಚಿ ಹಾಕಿದಾಗ ಬೆನ್ನಿನಲ್ಲೂ ವಿನ್ಯಾಸವು ಸ್ಪಷ್ಟವಾಗಿ ಕಾಣಬೇಕು. ಬೆನ್ನಿಗೆ ಬಟ್ಟೆ ಅಂಟಿಸಿದ್ದರೆ ಅದು ಬಹುಮಟ್ಟಿಗೆ ಯಂತ್ರದ ಬಂದೂಕಿನಿಂದ ಎಳೆ ಚುಚ್ಚಿ, ರಬ್ಬರಿನ ಅಂಟಿನಿಂದ ಹಿಡಿಸಿದ ಟಫ್ಟೆಡ್ ಗಂಬಳಿ. ಅದರಲ್ಲಿ ಗಂಟುಗಳೇ ಇರುವುದಿಲ್ಲ. ಕುಚ್ಚನ್ನು ಬೇರೆಯಾಗಿ ಹೊಲಿದಿದ್ದರೆ, ಅಂಚು ಯಂತ್ರದ ಹೊಲಿಗೆಯದಾಗಿದ್ದರೆ, ಬೆನ್ನಿನ ಸಾಲುಗಳು ಅಚ್ಚು ಹಾಕಿದಂತೆ ಒಂದೇ ಸಮನಾಗಿದ್ದರೆ ಅದು ಯಂತ್ರದ ನೇಯ್ಗೆಯೆಂದು ಶಂಕಿಸಬೇಕು. ಕೈಗಂಟಿನ ಗಂಬಳಿಯಲ್ಲಿ ಕುಚ್ಚೆಂಬುದು ಹಾಸಿನ ಎಳೆಗಳದೇ ಮುಂದುವರಿಕೆ. ಹಳೆಯ ಗಂಬಳಿಗಳಲ್ಲಿ ಸವೆದ ಕುಚ್ಚಿಗೆ ಬದಲಾಗಿ ಹೊಸ ಕುಚ್ಚು ಹೊಲಿಯುವುದೂ ಉಂಟು. ಆಗ ಅದನ್ನು ದುರಸ್ತಿಯೆಂದು ಲೆಕ್ಕ ಹಿಡಿಯಬೇಕು.

ಬೆನ್ನಿನ ಮೇಲೆ ಅಳತೆಪಟ್ಟಿ ಇಟ್ಟು ಒಂದು ಇಂಚು ಅಗಲದಲ್ಲಿ ಎಷ್ಟು ಗಂಟು, ಒಂದು ಇಂಚು ಉದ್ದದಲ್ಲಿ ಎಷ್ಟು ಗಂಟು ಎಂದು ಎಣಿಸಿ ಗುಣಿಸಿದರೆ ಚದರ ಇಂಚಿನ ಗಂಟುಗಳ ಸಂಖ್ಯೆ ದೊರೆಯುತ್ತದೆ. ಎಣಿಸಲು ಕಷ್ಟವಾದರೆ ಮೊಬೈಲಿನಲ್ಲಿ ಚಿತ್ರ ತೆಗೆದು ಹಿಗ್ಗಿಸಿ ನೋಡಬಹುದು. ಮಧ್ಯದಲ್ಲಿ ಒಂದು, ಎರಡು ಮೂಲೆಗಳಲ್ಲಿ ಒಂದೊಂದು, ಹೀಗೆ ಮೂರು ಕಡೆ ಎಣಿಸಿ ಸರಾಸರಿ ತೆಗೆಯಬೇಕು. ಕಾಶ್ಮೀರಿ ವ್ಯಾಪಾರದಲ್ಲಿ ಹದಿನೆಂಟು-ಹದಿನೆಂಟು ಎಂದರೆ 324, ಇಪ್ಪತ್ತು-ಇಪ್ಪತ್ತು ಎಂದರೆ 400, ಮೂವತ್ತು-ಮೂವತ್ತು ಎಂದರೆ 900 ಗಂಟು.

ಈ ಸಂಖ್ಯೆ ಏಕೆ ಮುಖ್ಯವೆಂಬುದನ್ನು ಒಂದು ಲೆಕ್ಕ ತೋರಿಸುತ್ತದೆ. ಆರು ಅಡಿ ಉದ್ದ, ನಾಲ್ಕು ಅಡಿ ಅಗಲದ ಗಂಬಳಿಯ ವಿಸ್ತೀರ್ಣ 24 ಚದರ ಅಡಿ, ಅಂದರೆ 3,456 ಚದರ ಇಂಚು. ಚದರ ಇಂಚಿಗೆ 324 ಗಂಟಿನಂತೆ ಒಟ್ಟು 11,19,744 ಗಂಟು. 900 ಗಂಟಿನಂತೆ 31,10,400. ಒಬ್ಬ ನುರಿತ ನೇಕಾರ ದಿನಕ್ಕೆ 6,000 ಗಂಟು ಕಟ್ಟುತ್ತಾನೆಂದು ಇಟ್ಟುಕೊಂಡರೆ ಮೊದಲನೆಯದಕ್ಕೆ ಸುಮಾರು 187 ದಿನ, ಎರಡನೆಯದಕ್ಕೆ ಸುಮಾರು 518 ದಿನ. ಎರಡರ ನಡುವಿನ ಅಂತರ 331 ದಿನಗಳ ಕೂಲಿ. ಎಣಿಸಿದರೆ 324 ಇರುವ ಗಂಬಳಿಯನ್ನು 900 ಗಂಟಿನದೆಂದು ಕೊಂಡವರು, ಯಾರೂ ಮಾಡದ ಒಂದು ವರ್ಷದ ಕೆಲಸಕ್ಕೆ ಹಣ ಕೊಟ್ಟಂತಾಗುತ್ತದೆ. ಆ ಹಣ ನೇಕಾರನಿಗೂ ಸೇರುವುದಿಲ್ಲ.

ಗಂಟಿನ ಸಂಖ್ಯೆಯೊಂದೇ ಗುಣಮಟ್ಟವಲ್ಲ ಎಂಬುದನ್ನೂ ಹೇಳಬೇಕು. ವಿನ್ಯಾಸದ ಸೊಗಸು, ಬಣ್ಣಗಳ ಹೊಂದಾಣಿಕೆ, ನೇಯ್ಗೆಯ ನೇರ ಇವೆಲ್ಲ ಮುಖ್ಯವೇ. ಆದರೆ ಇವುಗಳನ್ನು ಹೊಗಳಲು ಮಾತು ಸಾಕು. ಗಂಟನ್ನು ಮಾತ್ರ ಎಣಿಸಿ ಸಾಬೀತುಪಡಿಸಬಹುದು.

ಮೂರನೆಯ ಪರೀಕ್ಷೆ: ಸ್ಥಿತಿ

ಹಳೆಯ ರೇಷ್ಮೆಯ ಶತ್ರುಗಳು ಮೂರು: ಬಿಸಿಲು, ತೇವ, ಹುಳು. ಬಿಸಿಲಿನಲ್ಲಿ ವರ್ಷಗಟ್ಟಲೆ ಬಿದ್ದ ರೇಷ್ಮೆ ತನ್ನ ಬಲ ಕಳೆದುಕೊಂಡು ಪುಡಿಯಾಗತೊಡಗುತ್ತದೆ. ತೇವದಲ್ಲಿ ಕೂತ ಗಂಬಳಿಯ ಹಾಸುಹೊಕ್ಕು ಒಳಗೇ ಕೊಳೆಯುತ್ತದೆ. ಮೇಲೆ ನೋಡಿದರೆ ಏನೂ ತಿಳಿಯುವುದಿಲ್ಲ. ಗಂಬಳಿಯ ಒಂದು ಭಾಗವನ್ನು ಎರಡೂ ಕೈಗಳಲ್ಲಿ ಹಿಡಿದು ಮೆಲ್ಲನೆ ಬಾಗಿಸಿದಾಗ ಸಣ್ಣಗೆ ಚಟಚಟ ಸದ್ದು ಕೇಳಿದರೆ ಅದು ಎಳೆಗಳು ಮುರಿಯುವ ಸದ್ದು. ಅಂಥ ಗಂಬಳಿ ಎಷ್ಟೇ ಅಗ್ಗವಾದರೂ ನೆಲಕ್ಕೆ ಹಾಸಲು ಯೋಗ್ಯವಲ್ಲ.

ಬೆಳಕಿಗೆ ಎದುರಾಗಿ ಎತ್ತಿ ಹಿಡಿದರೆ ತೂತುಗಳೂ ತೆಳುವಾದ ಜಾಗಗಳೂ ಕಾಣುತ್ತವೆ. ಪೈಲನ್ನು ಬೆರಳಿನಿಂದ ಬಿಡಿಸಿ ಬುಡದಲ್ಲಿ ಹುಳುವಿನ ಗೂಡು, ಮರಳಿನಂಥ ಕಣ, ಬೂಷ್ಟು ಇವೆಯೇ ಎಂದು ನೋಡಬೇಕು. ಒದ್ದೆ ಮಾಡಿದ ಬಿಳಿಯ ಬಟ್ಟೆಯನ್ನು ಗಾಢ ಬಣ್ಣದ ಮೇಲೆ ಒಂದು ನಿಮಿಷ ಒತ್ತಿ ಹಿಡಿದಾಗ ಬಟ್ಟೆಗೆ ಬಣ್ಣ ಹತ್ತಿದರೆ ಮುಂದಿನ ತೊಳೆತದಲ್ಲಿ ಆ ಬಣ್ಣ ಪಕ್ಕದ ಬಿಳಿಯ ನೆಲಕ್ಕೆ ಹರಿಯುವುದು ಖಚಿತ. ಸವೆದ ಜಾಗಕ್ಕೆ ಶಾಯಿಯಿಂದ ಬಣ್ಣ ಬಳಿದಿದ್ದರೂ ಇದೇ ಬಟ್ಟೆ ತಿಳಿಸುತ್ತದೆ. ಗಂಬಳಿಯನ್ನು ಸಮತಟ್ಟಾದ ನೆಲದ ಮೇಲೆ ಹಾಸಿ ಅಲೆಯಂತೆ ಏಳುತ್ತದೆಯೇ, ಎರಡು ಬದಿಗಳ ಉದ್ದ ಸಮವಾಗಿದೆಯೇ ಎಂದು ಅಳೆಯಬೇಕು. ದೊಡ್ಡ ಗಂಬಳಿಯ ಹಾಳಾದ ಭಾಗವನ್ನು ಕತ್ತರಿಸಿ ಉಳಿದದ್ದನ್ನು ಚಿಕ್ಕದಾಗಿ ಜೋಡಿಸಿದ್ದರೆ ಅಂಚಿನ ವಿನ್ಯಾಸ ಒಂದು ಮೂಲೆಯಲ್ಲಿ ತಪ್ಪಿರುತ್ತದೆ.

ದುರಸ್ತಿ ಆಗಿರುವುದು ಅಪರಾಧವಲ್ಲ. ಆಗಿರುವ ದುರಸ್ತಿಯನ್ನು ಮುಚ್ಚಿಡುವುದು ಅಪರಾಧ. ಮುಂದೆ ಮಾಡಿಸಬೇಕಾದ ದುರಸ್ತಿಯ ವೆಚ್ಚವನ್ನು ಮೊದಲೇ ಕೇಳಿ ತಿಳಿದು ಬೆಲೆಯಿಂದ ಕಳೆಯುವುದು ವ್ಯಾಪಾರ ಧರ್ಮ.

ವಯಸ್ಸಿನ ಮಾತು

ನೂರು ವರ್ಷ ದಾಟಿದ್ದಕ್ಕೆ ಪುರಾತನ, ಅದಕ್ಕಿಂತ ಕಡಿಮೆಯ ಹಳೆಯದಕ್ಕೆ ವಿಂಟೇಜ್ ಎಂದು ಕರೆಯುವುದು ವ್ಯಾಪಾರದ ವಾಡಿಕೆ. ಇಪ್ಪತ್ತು ಮೂವತ್ತು ವರ್ಷದ ಗಂಬಳಿಯೂ ವಿಂಟೇಜ್ ಎನಿಸಿಕೊಳ್ಳುವುದರಿಂದ ಆ ಪದವೊಂದರಿಂದಲೇ ಬೆಲೆ ಏರಬೇಕಾಗಿಲ್ಲ. ಹೊಸ ಗಂಬಳಿಯನ್ನು ಚಹಾದ ನೀರಿನಲ್ಲಿ ಅದ್ದಿ, ರಾಸಾಯನಿಕದಿಂದ ತೊಳೆದು, ಬಿಸಿಲಿಗೆ ಹಾಕಿ, ಪೈಲನ್ನು ಕತ್ತರಿಸಿ ಮುದಿಗೊಳಿಸುವ ಕಸುಬೂ ಇದೆ. ನಿಜವಾಗಿ ಮಾಸಿದ ಗಂಬಳಿಯಲ್ಲಿ ಎಳೆಯ ತುದಿ ತಿಳಿಯಾಗಿದ್ದು ಬುಡಕ್ಕೆ ಹೋದಂತೆ ಬಣ್ಣ ಕ್ರಮವಾಗಿ ಗಾಢವಾಗುತ್ತದೆ. ಜನ ಓಡಾಡಿದ ಜಾಗ ಹೆಚ್ಚು ಸವೆದು ಮೂಲೆಗಳು ಕಡಿಮೆ ಸವೆದಿರುತ್ತವೆ. ಚಹಾದಲ್ಲಿ ಅದ್ದಿದ್ದರಲ್ಲಿ ಕುಚ್ಚು, ಬೆನ್ನು, ಬುಡ ಎಲ್ಲವೂ ಒಂದೇ ಕಂದು ಬಣ್ಣಕ್ಕೆ ತಿರುಗಿರುತ್ತವೆ.

ಗಂಬಳಿಯಲ್ಲಿಯೇ ನೇಯ್ದ ಇಸವಿಯೂ ಪೂರ್ಣ ಸಾಕ್ಷಿಯಲ್ಲ. ಉದಾಹರಣೆಗೆ 1350 ಎಂದು ನೇಯ್ದಿದೆಯೆಂದು ಭಾವಿಸಬಹುದು. ಅದು ಹಿಜರಿ ಚಾಂದ್ರಮಾನ ವರ್ಷವಾದರೆ ಕ್ರಿ.ಶ. 1931ರ ಸುಮಾರು, ಇರಾನಿನ ಸೌರಮಾನ ವರ್ಷವಾದರೆ ಕ್ರಿ.ಶ. 1971ರ ಸುಮಾರು. ಒಂದೇ ಅಂಕಿಯಲ್ಲಿ ನಲವತ್ತು ವರ್ಷಗಳ ವ್ಯತ್ಯಾಸ. ಮಾರುವವರು ಯಾವ ಲೆಕ್ಕ ಹಿಡಿಯುತ್ತಾರೆಂಬುದನ್ನು ಊಹಿಸುವುದು ಕಷ್ಟವಲ್ಲ.

ಮಲೆನಾಡಿನ ಮನೆಗೆ ಹೊಂದುವುದೇ?

ಖರೀದಿಗೆ ಮುನ್ನ ಕೇಳಿಕೊಳ್ಳಬೇಕಾದ ಮತ್ತೊಂದು ಪ್ರಶ್ನೆ ಇದು. ಶಿಕಾರಿಪುರ ಬಯಲುಸೀಮೆಯ ಅಂಚಿನ ಅರೆಮಲೆನಾಡು. ಸೊರಬದ ಪಶ್ಚಿಮ ಭಾಗದಲ್ಲಿ ಮಳೆ ಇನ್ನೂ ಹೆಚ್ಚು. ರೇಷ್ಮೆ ಗಾಳಿಯ ತೇವವನ್ನು ಹೀರುವ ನಾರು. ರೇಷ್ಮೆ ವ್ಯಾಪಾರದಲ್ಲಿ ಒಣ ತೂಕದ ಮೇಲೆ ಶೇಕಡ 11ರಷ್ಟು ತೇವವನ್ನು ಸಹಜವೆಂದೇ ಒಪ್ಪಲಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುವ ಮನೆಗಳಲ್ಲಿ ನೆಲಕ್ಕಂಟಿದ ರೇಷ್ಮೆ ಗಂಬಳಿಗೆ ಬೂಷ್ಟು ಹಿಡಿಯುವುದು ಆಶ್ಚರ್ಯವಲ್ಲ.

ಆದ್ದರಿಂದ ಜಗಲಿ, ಊಟದ ಮನೆ, ಎಣ್ಣೆ ದೀಪ ಉರಿಯುವ ದೇವರ ಮನೆ ಇವು ರೇಷ್ಮೆ ಗಂಬಳಿಗೆ ತಕ್ಕ ಸ್ಥಳಗಳಲ್ಲ. ಎಲೆ ಅಡಿಕೆಯ ತಟ್ಟೆ ಸುತ್ತುವ ಹಜಾರದಲ್ಲಿ ಸುಣ್ಣ ಮತ್ತು ತಾಂಬೂಲದ ಕಲೆಯ ಭಯವೂ ಇದೆ. ಓಡಾಟ ಕಡಿಮೆಯಿರುವ ಕೋಣೆ, ನೇರ ಬಿಸಿಲು ಬೀಳದ ಗೋಡೆ ಇವು ಉತ್ತಮ. ಪಾದರಕ್ಷೆಯನ್ನು ಹೊರಗೆ ಬಿಡುವ ನಮ್ಮ ರೂಢಿ ಗಂಬಳಿಗೆ ದೊಡ್ಡ ರಕ್ಷಣೆ. ಗಂಬಳಿಯ ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಬಾರದು; ಗಾಳಿಯಾಡುವ ಹತ್ತಿಯ ಜಮಖಾನ ಹಾಸಿದರೆ ಒಳ್ಳೆಯದು. ಮಳೆಗಾಲದಲ್ಲಿ ಮಡಿಸದೆ, ಉರುಳೆಯಂತೆ ಸುತ್ತಿ, ಒಗೆದ ಹತ್ತಿಬಟ್ಟೆಯಲ್ಲಿ ಕಟ್ಟಿ ನೆಲದಿಂದ ಎತ್ತರದಲ್ಲಿಡಬೇಕು. ಮಳೆ ಬಿಟ್ಟ ದಿನ ನೆರಳಿನಲ್ಲಿ ಬಿಡಿಸಿ ಗಾಳಿಗೆ ಹಾಕಬೇಕು. ನೀರಿನಿಂದ ಮನೆಯಲ್ಲಿ ತೊಳೆಯುವುದು, ಕೋಲಿನಿಂದ ಬಡಿಯುವುದು ಎರಡೂ ನಿಷಿದ್ಧ. ಇಷ್ಟು ಉಪಚಾರ ಸಾಧ್ಯವಿಲ್ಲದ ಮನೆಗೆ ಉಣ್ಣೆಯ ಗಂಬಳಿಯೋ ನವಲಗುಂದದ ಜಮಖಾನವೋ ಹೆಚ್ಚು ಹೊಂದುತ್ತದೆ. ಅದರಲ್ಲಿ ಅಗೌರವವೇನೂ ಇಲ್ಲ.

ಬೆಲೆ, ಬಿಲ್ಲು ಮತ್ತು ಕಾನೂನು

ಗಂಬಳಿಯ ಬೆಲೆಯನ್ನು ಒಟ್ಟಾಗಿ ಕೇಳದೆ ಚದರ ಅಡಿಗೆ ಕೇಳಬೇಕು. ಅಳತೆಯಲ್ಲಿ ಕುಚ್ಚು ಸೇರಬಾರದು. ಅದೇ ಎಳೆ, ಅದೇ ಗಂಟಿನ ಹೊಸ ಗಂಬಳಿಗೆ ಎರಡು ಅಂಗಡಿಗಳಲ್ಲಿ ದರ ಕೇಳಿ ಅದನ್ನು ಅಳತೆಗೋಲಾಗಿ ಇಟ್ಟುಕೊಳ್ಳಬೇಕು. ಲೆಕ್ಕ ತೋರಿಸಲು ಮಾತ್ರ ಒಂದು ಉದಾಹರಣೆ: ಮೇಲೆ ಹೇಳಿದ 24 ಚದರ ಅಡಿಯ ಗಂಬಳಿಗೆ 2,40,000 ರೂಪಾಯಿ ಕೇಳಿದರೆ ಚದರ ಅಡಿಗೆ 10,000 ಆಯಿತು. ಅದೇ 324 ಗಂಟಿನ ಹೊಸ ಗಂಬಳಿ ಚದರ ಅಡಿಗೆ 5,000ಕ್ಕೆ ದೊರೆಯುವುದಾದರೆ ಉಳಿದ 1,20,000 ರೂಪಾಯಿ ಕೇವಲ ವಯಸ್ಸಿನ ಬೆಲೆ. ಆ ವಯಸ್ಸಿಗೆ ಸಾಕ್ಷಿ ಏನು, ಅದರ ಜೊತೆಗೆ ಬಂದ ಸವೆತಕ್ಕೆ ಎಷ್ಟು ಕಡಿತ ಎಂದು ಕೇಳುವ ಹಕ್ಕು ಕೊಳ್ಳುವವರಿಗಿದೆ.

ಮುಂದೆ ಇದರ ಬೆಲೆ ಚಿನ್ನದಂತೆ ಏರುತ್ತದೆ ಎಂಬ ಮಾತಿಗೆ ಕಿವಿಗೊಡಬಾರದು. ಅಡಿಕೆಗೆ ಮಾರುಕಟ್ಟೆ ಪ್ರಾಂಗಣದಲ್ಲಿ ಟೆಂಡರ್ ಇದೆ, ಚಿನ್ನಕ್ಕೆ ದಿನದ ದರವಿದೆ. ಹಳೆಯ ಗಂಬಳಿಗೆ ಇವೆರಡೂ ಇಲ್ಲ. ತುರ್ತಿಗೆ ಮಾರಹೊರಟವರಿಗೆ ಕೊಂಡ ಅಂಗಡಿಯೇ ಅರ್ಧ ಬೆಲೆ ಹೇಳಿದರೂ ಬೇರೆ ಗಿರಾಕಿ ಸಿಗುವುದು ಕಷ್ಟ. ಗಂಬಳಿಯನ್ನು ಮನೆಯ ಸಂತೋಷಕ್ಕೆ ಕೊಳ್ಳಬೇಕೇ ಹೊರತು ದುಡಿಯುವ ಬಂಡವಾಳದಿಂದ ಹೂಡಿಕೆಯೆಂದು ಕೊಳ್ಳಬಾರದು.

ಬಿಲ್ಲಿನಲ್ಲಿ ಕೇವಲ ಗಂಬಳಿ ಎಂದಿದ್ದರೆ ಸಾಲದು. ಪೈಲಿನ ನಾರು, ಹಾಸುಹೊಕ್ಕಿನ ನಾರು, ಕೈಗಂಟು ಎಂಬ ಮಾತು, ಚದರ ಇಂಚಿನ ಗಂಟು, ಅಳತೆ, ತಯಾರಾದ ಪ್ರದೇಶ, ಅಂದಾಜು ವಯಸ್ಸು, ಆಗಿರುವ ದುರಸ್ತಿ, ಹಿಂದಿರುಗಿಸುವ ಅವಧಿ ಇಷ್ಟನ್ನೂ ಬರೆಸಿಕೊಳ್ಳಬೇಕು. ಬಾಯಲ್ಲಿ ಧಾರಾಳವಾಗಿ ಹೇಳಿದ್ದನ್ನು ಕಾಗದದಲ್ಲಿ ಬರೆಯಲು ಮಾರಾಟಗಾರರು ಹಿಂಜರಿದರೆ ಖರೀದಿಯನ್ನು ಅಲ್ಲಿಗೇ ನಿಲ್ಲಿಸುವುದು ಕ್ಷೇಮ. ಆದಾಯ ತೆರಿಗೆ ಕಾನೂನಿನಂತೆ ಎರಡು ಲಕ್ಷ ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟ ಮೊತ್ತವನ್ನು ನಗದಾಗಿ ಸ್ವೀಕರಿಸುವಂತಿಲ್ಲ. ಬ್ಯಾಂಕಿನ ಮೂಲಕ ಪಾವತಿಸಿದರೆ ಕೊಳ್ಳುವವರಿಗೂ ಅದೇ ದಾಖಲೆ.

ವರ್ತಕರು ಗಮನಿಸಬೇಕಾದ ಇನ್ನೂ ನಾಲ್ಕು ಅಂಶಗಳಿವೆ. ಒಂದು, ಅಂಗಡಿಯ ಹೆಸರಿನಲ್ಲಿ ಬಿಲ್ಲು ಮಾಡಿಸಿ ಗಂಬಳಿಯನ್ನು ಮನೆಗೆ ಒಯ್ದರೆ ಅದರ ಜಿಎಸ್‌ಟಿಯನ್ನು ಹೂಡುವಳಿ ತೆರಿಗೆಯಾಗಿ ಜಮೆ ಪಡೆಯುವಂತಿಲ್ಲ. ಸ್ವಂತ ಬಳಕೆಯ ವಸ್ತುವಿಗೆ ಕಾಯ್ದೆಯ 17(5)ನೆಯ ಪ್ರಕರಣ ಅದನ್ನು ತಡೆಯುತ್ತದೆ. ಎರಡು, ಬಳಸಿದ ವಸ್ತುಗಳ ವ್ಯಾಪಾರ ಮಾಡುವ ನೋಂದಾಯಿತ ವರ್ತಕರು ಖರೀದಿಯ ಮೇಲೆ ಅಂಥ ಜಮೆ ಪಡೆಯದಿದ್ದಲ್ಲಿ, ಜಿಎಸ್‌ಟಿ ನಿಯಮ 32(5)ರ ಪ್ರಕಾರ ಮಾರಿದ ಬೆಲೆ ಮತ್ತು ಕೊಂಡ ಬೆಲೆಯ ಅಂತರದ ಮೇಲೆ ಮಾತ್ರ ತೆರಿಗೆ ಕಟ್ಟಬಹುದು. ಮೂರು, 1972ರ ಪುರಾತನ ವಸ್ತು ಮತ್ತು ಕಲಾ ನಿಧಿ ಕಾಯ್ದೆಯಂತೆ ನೂರು ವರ್ಷಕ್ಕೆ ಕಡಿಮೆಯಿಲ್ಲದ ಕುಶಲ ಕೃತಿಗಳು ಪುರಾತನ ವಸ್ತುಗಳ ವ್ಯಾಪ್ತಿಗೆ ಬರುತ್ತವೆ. ಅವುಗಳ ವ್ಯಾಪಾರಕ್ಕೆ ಪರವಾನಗಿ ಬೇಕು, ಖಾಸಗಿಯವರು ಅವುಗಳನ್ನು ವಿದೇಶಕ್ಕೆ ಸಾಗಿಸುವಂತಿಲ್ಲ. ನೂರು ವರ್ಷದ್ದೆಂದು ಹೆಮ್ಮೆಯಿಂದ ಹೇಳುವ ಮಾರಾಟಗಾರರಿಗೆ ಆ ಪರವಾನಗಿಯನ್ನು ತೋರಿಸಲು ಹೇಳಿದರೆ ಗಂಬಳಿಯ ವಯಸ್ಸು ಎಷ್ಟೋ ಬಾರಿ ಇಳಿಯುತ್ತದೆ. ನಾಲ್ಕು, ಮನೆಯ ಬಳಕೆಗೆ ಕೊಂಡವರಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ಬೆಂಗಳೂರಿನಲ್ಲಿ ಕೊಂಡಿದ್ದರೂ ದೂರುದಾರರು ತಾವು ವಾಸಿಸುವ ಶಿವಮೊಗ್ಗ ಜಿಲ್ಲೆಯ ಆಯೋಗದಲ್ಲೇ ಎರಡು ವರ್ಷದೊಳಗೆ ದೂರು ಸಲ್ಲಿಸಬಹುದು. ಮರುಮಾರಾಟಕ್ಕೆ ಕೊಂಡವರು ಮಾತ್ರ ಈ ಕಾಯ್ದೆಯ ಅರ್ಥದಲ್ಲಿ ಗ್ರಾಹಕರಲ್ಲ.

ತಯಾರಕರಿಗೂ ಒಂದು ಪಾಠ

ಕಾಶ್ಮೀರದ ಕೈಗಂಟಿನ ಗಂಬಳಿಗೆ 2016ರಲ್ಲಿ ಭೌಗೋಳಿಕ ಗುರುತಿನ ನೋಂದಣಿ ದೊರೆಯಿತು. ಹೆಸರು ಬೇರೆಡೆಯ ಯಂತ್ರದ ಮಾಲಿಗೆ ಬಳಕೆಯಾಗುತ್ತಿದ್ದುದೇ ಅದರ ಅಗತ್ಯವನ್ನು ತೋರಿಸಿತ್ತು. 2022ರಲ್ಲಿ ಪರೀಕ್ಷೆಗೊಳಗಾದ ಗಂಬಳಿಗಳಿಗೆ ಕ್ಯೂಆರ್ ಸಂಕೇತದ ಚೀಟಿಯನ್ನು ಆರಂಭಿಸಲಾಯಿತು. ಮೊಬೈಲಿನಲ್ಲಿ ಓದಿಸಿದರೆ ಆ ಗಂಬಳಿಯ ವಿವರ ತೆರೆದುಕೊಳ್ಳುತ್ತದೆ. ಹೊಸ ಗಂಬಳಿ ಕೊಳ್ಳುವವರು ಈ ಚೀಟಿಯನ್ನು ಕೇಳಬೇಕು. ಬಾಲಕಾರ್ಮಿಕರ ದುಡಿಮೆ ಬೆರೆತಿಲ್ಲವೆಂಬ ಗುಡ್‌ವೀವ್ ಗುರುತನ್ನೂ ವಿಚಾರಿಸಬೇಕು.

ಸೊರಬದ ಗುಡಿಗಾರರ ಶ್ರೀಗಂಧದ ಕೆತ್ತನೆಗೂ ಇದೇ ಮಾತು ಅನ್ವಯಿಸುತ್ತದೆ. ಬೇರೆ ಮರಕ್ಕೆ ಗಂಧದೆಣ್ಣೆ ಸವರಿ ಮಾರುವವರಿಂದ ನಿಜವಾದ ಕುಶಲಕರ್ಮಿಗೆ ಆಗುವ ನಷ್ಟವೂ, ವಿಸ್ಕೋಸನ್ನು ರೇಷ್ಮೆಯೆಂದು ಮಾರುವವರಿಂದ ಕಾಶ್ಮೀರದ ನೇಕಾರನಿಗೆ ಆಗುವ ನಷ್ಟವೂ ಒಂದೇ ಬಗೆಯವು. ಮಾಲಿನೊಂದಿಗೆ ಯಾವ ಮರ, ಯಾವ ಎಳೆ, ಎಷ್ಟು ದಿನದ ಕೆಲಸ ಎಂಬ ಚೀಟಿಯನ್ನು ತಯಾರಕರೇ ಇಟ್ಟರೆ ಗಿರಾಕಿಗೆ ಬೆಲೆಯ ಕಾರಣ ತಿಳಿಯುತ್ತದೆ, ಚೌಕಾಸಿ ಕಡಿಮೆಯಾಗುತ್ತದೆ, ನಕಲಿಗೆ ದಾರಿ ಕಿರಿದಾಗುತ್ತದೆ.

ಒಟ್ಟಿನಲ್ಲಿ, ಹಳೆಯ ರೇಷ್ಮೆ ರತ್ನಗಂಬಳಿಯನ್ನು ಕೊಳ್ಳಹೊರಟವರು ಮೊದಲು ಎಳೆಯನ್ನು ಸುಟ್ಟು ನೋಡಬೇಕು, ಬಳಿಕ ಗಂಟನ್ನು ಎಣಿಸಬೇಕು, ಅನಂತರ ಬಾಗಿಸಿ, ಒತ್ತಿ, ಬೆಳಕಿಗೆ ಹಿಡಿದು ಸ್ಥಿತಿಯನ್ನು ತಿಳಿಯಬೇಕು. ವಯಸ್ಸಿನ ಮಾತನ್ನು ಕೊನೆಗೆ ಕೇಳಿ, ಕೇಳಿದ್ದನ್ನು ಬರೆಸಿಕೊಳ್ಳಬೇಕು. ಚೀಲದ ಮೇಲಿನ ಅಡಿಕೆಯನ್ನಷ್ಟೇ ನೋಡಿ ದರ ಹೇಳುವ ವರ್ತಕರು ಮಂಡಿಯಲ್ಲಿ ಹೆಚ್ಚು ದಿನ ಉಳಿಯುವುದಿಲ್ಲ. ಅದೇ ಎಚ್ಚರವನ್ನು ಮನೆಯ ಖರೀದಿಗೂ ಒಯ್ದರೆ ಸಾಕು.